ಕೊಕ್ಕೆಯಲ್ಲಿ ಉಳಿದ ಬ್ಯಾಡ್ಜ್

ವನೆಸ್ಸಾ ಮದುವೆಗೆ ಒಪ್ಪಿದ್ದಳು, ಕೈಗಾಕ್ಕೆ ಒಪ್ಪಿರಲಿಲ್ಲ. ಹುಡುಗ ಬೇಕು, ಹುಡುಗ ಇರುವ ಊರು ಬೇಡ ಎಂದರೆ ಯಾರು ಕೇಳುತ್ತಾರೆ? ಆ ಹುಡುಗ, ಡೆನ್ವರ್, ಕೇಳಿದ್ದ. ಅವನು ಅಲ್ಲಿಯ ಅಣುಸ್ಥಾವರದಲ್ಲಿ, ಕೆಲಸಗಾರರ ಮೈಗೆ ಎಷ್ಟು ವಿಕಿರಣ ತಾಗಿತು ಎಂದು ಅಳೆಯುವ ವಿಭಾಗದವನು. ಮದುವೆಯಾದ ಮೇಲೂ ಅವಳು ಮಣಿಪಾಲದ ಕೆಲಸ ಬಿಡುವುದಿಲ್ಲ, ಅವನೇ ಶನಿವಾರ ಬಸ್ಸು ಹತ್ತಿ ಬರುವುದು ಎಂದು ಮಾತಾಗಿತ್ತು. "ಆಯಿತು, ಶನಿವಾರದ ಗಂಡ ಆಗ್ತೇನೆ," ಎಂದು ನಕ್ಕಿದ್ದ. 

ಇಬ್ಬರೂ ಮೊದಲು ಸಿಕ್ಕಿದ್ದು ಜನವರಿಯಲ್ಲಿ, ನಿಟ್ಟೆಯ ಕಾಲೇಜಿನಲ್ಲಿ. ನಮ್ಮಂಥ ಬೆಳೆಯುತ್ತಿರುವ ದೇಶಕ್ಕೆ ಅಣುವಿದ್ಯುತ್ ಬೇಕೇ ಬೇಡವೇ ಎಂಬ ಚರ್ಚೆ. ವನೆಸ್ಸಾ ಮಣಿಪಾಲದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಸಿ.ಟಿ. ಟೆಕ್ನೀಶಿಯನ್ ಆದ್ದರಿಂದ ಅವಳನ್ನೂ ಕರೆದಿದ್ದರು. ಊಟದ ಸಾಲಿನಲ್ಲಿ ಹಿಂದೆ ನಿಂತಿದ್ದ ಉದ್ದನೆಯ ಮನುಷ್ಯನ ಹತ್ತಿರ, ಯಾರು ಎಂತ ಎಂದು ವಿಚಾರಿಸದೆ, ಅವಳೇ ಮಾತು ತೆಗೆದಳು.

"ಮಧ್ಯಾಹ್ನ ಕೈಗಾದವರು ಒಬ್ಬರು ಮಾತಾಡ್ಲಿಕ್ಕೆ ಉಂಟಂತೆ. ಬೇಕಾದರೆ ನೋಡಿ, ಬಾಳೆಹಣ್ಣಿನಲ್ಲೂ ವಿಕಿರಣ ಉಂಟು ಅಂತ ಒಂದು ಚಿತ್ರ ತೋರಿಸ್ತಾರೆ. ಎಲ್ಲಿ ಹೋದರೂ ಅದೇ."

"ಹೌದಾ?"

"ನಾವು ಎಂತ ಅಂಗನವಾಡಿ ಮಕ್ಕಳಾ?"

ಅವನು ಪ್ಲೇಟಿನಲ್ಲಿದ್ದ ಬಾಳೆಹಣ್ಣನ್ನು ಒಮ್ಮೆ ನೋಡಿದ, ಅವಳನ್ನು ಒಮ್ಮೆ ನೋಡಿದ, ಅನ್ನ ಹಾಕಿಸಿಕೊಂಡ.

ಮಧ್ಯಾಹ್ನ ವೇದಿಕೆ ಹತ್ತಿದವನು ಅವನೇ. ವನೆಸ್ಸಾ ಕುರ್ಚಿಯಲ್ಲಿ ಇಳಿಯಬಹುದಾದಷ್ಟೂ ಕೆಳಗೆ ಇಳಿದಳು. ಭಾಷಣದ ನಡುವೆ ಅವನು ನಿಂತು, "ಇಲ್ಲಿ ಒಂದು ಚಿತ್ರ ಇತ್ತು. ಊಟ ಆದ ಮೇಲೆ ತೆಗೆದೆ," ಎಂದು ಮೂರನೇ ಸಾಲಿನತ್ತ ನೋಡಿದ. ಮೂರನೇ ಸಾಲಿನಲ್ಲಿದ್ದವಳ ಕಿವಿ ಬಿಸಿಯಾಯಿತು. ಆದರೂ ಬಿಡುವವಳಲ್ಲ, ಪ್ರಶ್ನೆ ಕೇಳಲು ಎದ್ದಳು.

"ಕಲ್ಲಿದ್ದಲಿನ ಹೊಗೆ ನನಗೂ ಬೇಡ. ಎಲ್ಲರ ಮನೆಗೂ ಕರೆಂಟ್ ಬೇಕು, ಅದೂ ಗೊತ್ತುಂಟು. ನಿಮ್ಮ ಯಂತ್ರದ ಮೇಲೆ ನನಗೆ ಅಷ್ಟು ಸಂಶಯ ಇಲ್ಲ, ಸಂಶಯ ಇರುವುದು ನಮ್ಮ ಜನರ ಮೇಲೆ. ತಪ್ಪಾದರೆ ಮುಚ್ಚಿಡುವವರು ನಾವು. ಮೇಲಿನವರಿಗೆ ಹೇಳುವುದು ಬೇಡ, ಅಡ್ಜಸ್ಟ್ ಮಾಡುವ ಅಂತೇವೆ. ಅಂಥವರ ಕೈಗೆ ಇದನ್ನು ಕೊಡಬಹುದಾ?"

ಅವನು ಮೈಕನ್ನು ಹತ್ತಿರ ಎಳೆದುಕೊಂಡ. "ನಮ್ಮಲ್ಲಿ ನಿಯಮ ಉಂಟು, ತಪಾಸಣೆಯೂ ಉಂಟು. ಆದರೆ ಬರೆಯುವವನೇ ಸುಳ್ಳು ಬರೆದರೆ ನಿಯಮ ಎಂತ ಮಾಡ್ತದೆ? ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ," ಎಂದ.

ಉತ್ತರ ಇಲ್ಲ ಎಂದು ಮೈಕಿನಲ್ಲಿ ಹೇಳುವ ಗಂಡಸನ್ನು ವನೆಸ್ಸಾ ಕಂಡದ್ದು ಅದೇ ಮೊದಲು. ಅವಳ ಕತೆ ಅಲ್ಲಿಗೆ ಮುಗಿಯಿತು ಅನ್ನಿ. ಕಾರ್ಕಳದ ಬಸ್ಸಿಗೆ ಕಾಯುವಾಗ ಅವನು ಕಾಪು ತಾಲೂಕಿನ ಶಿರ್ವದವನು, ಮನೆಮಾತು ತನ್ನದರಂತೆಯೇ ಕೊಂಕಣಿ ಎಂದು ಗೊತ್ತಾಯಿತು. ಬಸ್ಸು ಬಂತು, ಇಬ್ಬರೂ ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಹತ್ತಲಿಲ್ಲ.

ಬೆಳ್ಮಣ್ಣಿನ ಮನೆಯಲ್ಲಿ ವನೆಸ್ಸಾಳ ತಾಯಿ ಇಮೆಲ್ಡಾ ಸುದ್ದಿ ಕೇಳಿದ್ದೇ ಶಿಲುಬೆಯ ಗುರುತು ಹಾಕಿಕೊಂಡರು. "ಕೈಗಾದವನಾ? ನಾಳೆ ಮಕ್ಕಳಾಗುವುದು ಬೇಡವಾ ನಿನಗೆ?"

"ಮಮ್ಮಿ, ನಾನೂ ದಿನವಿಡೀ ಎಕ್ಸ್‌ರೇ ನಡುವೆ ಇರುವವಳೇ."

"ಅದು ಆಸ್ಪತ್ರೆಯದ್ದು," ಎಂದರು ಇಮೆಲ್ಡಾ, ಆಸ್ಪತ್ರೆಯ ವಿಕಿರಣಕ್ಕೆ ಮಾತ್ರ ಯಾರೋ ಜ್ಞಾನಸ್ನಾನ ಕೊಡಿಸಿದ ಹಾಗೆ. ಎಂಟು ತಿಂಗಳು ಹಿಡಿಯಿತು ಅವರು ಒಪ್ಪಲು. ಅದೂ ಮಗಳು ಕೈಗಾದ ಟೌನ್‌ಶಿಪ್ಪಿಗೆ ಹೋಗುವುದಿಲ್ಲ ಎಂಬ ಷರತ್ತಿನ ಮೇಲೆ. ಷರತ್ತು ತಾಯಿಯದು, ಸರಿ. ಆದರೆ ಅದು ಮಗಳಿಗೂ ಒಳಗೊಳಗೇ ಬೇಕಾಗಿತ್ತು.

ಸೆಪ್ಟೆಂಬರಿನಲ್ಲಿ, ಹೊಸ ತೆನೆಯ ಮೊಂತಿ ಹಬ್ಬ ಕಳೆದು ಎಂಗೇಜ್‌ಮೆಂಟ್ ಆಯಿತು. ಅದೇ ವಾರ ಉಡುಪಿಯಲ್ಲಿ, ಮದುವೆಯಾಗುವ ಜೋಡಿಗಳಿಗೆ ಚರ್ಚಿನವರು ನಡೆಸುವ ಕೋರ್ಸ್. ಅದನ್ನು ಮುಗಿಸದೆ ಮದುವೆ ಇಲ್ಲ. ಮನಸ್ಸಿನಲ್ಲಿದ್ದೂ ಹೇಳದೇ ಇರುವ ಒಂದು ಮಾತನ್ನು ಬರೆದು ಜೊತೆಯವರಿಗೆ ಕೊಡಿ ಎಂದು ಚೀಟಿ ಹಂಚಿದರು. ಡೆನ್ವರ್ ಒಂದೊಂದೇ ಅಕ್ಷರ ನಿಲ್ಲಿಸಿ ನಿಲ್ಲಿಸಿ ಬರೆದ: "ನೀನು ಕೈಗಾಕ್ಕೆ ಬರುವುದಿಲ್ಲ ಅಂದದ್ದಕ್ಕೆ ನನಗೆ ಬೇಸರ ಆಗಿದೆ." ವನೆಸ್ಸಾ ಓದಿ, ಮಡಚಿ ಪರ್ಸಿಗೆ ಹಾಕಿಕೊಂಡಳು.  

ನವೆಂಬರಿನಲ್ಲಿ ಚರ್ಚಿನಲ್ಲಿ ಹೆಸರು ಓದಲು ಶುರುವಾಯಿತು. ಇಂಥವರಿಗೆ ಇಂಥವರೊಂದಿಗೆ ಮದುವೆ, ಅಡ್ಡಿ ಇದ್ದರೆ ತಿಳಿಸಿ ಎಂದು ಮೂರು ಭಾನುವಾರ ಓದುತ್ತಾರೆ. ಎರಡು ಭಾನುವಾರ ಮುಗಿದಿತ್ತು. ಬುಧವಾರ ಸ್ಕ್ಯಾನಿಂಗ್ ಸೆಂಟರಿಗೆ ಒಂದು ಪತ್ರ ಬಂತು.

ವಿಕಿರಣದ ಹತ್ತಿರ ಕೆಲಸ ಮಾಡುವವರು ಎದೆಗೆ ಒಂದು ಬ್ಯಾಡ್ಜ್ ಸಿಕ್ಕಿಸಿಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ಅದನ್ನು ಲ್ಯಾಬಿಗೆ ಕಳಿಸಿದರೆ ಮೈಗೆ ಎಷ್ಟು ತಾಗಿದೆ ಎಂದು ತಿಳಿಯುತ್ತದೆ. ವನೆಸ್ಸಾಳದು ಯಾವತ್ತೂ ಸೊನ್ನೆಯ ಆಸುಪಾಸು. ಈ ಸಲ ಹನ್ನೆರಡು ಮಿಲಿಸೀವರ್ಟ್. ಹತ್ತು ದಾಟಿದರೆ ಏನಾಯಿತೆಂದು ಬರೆದು ಕೊಡಬೇಕು, ರಕ್ತ ಪರೀಕ್ಷೆಗೂ ಹೇಳಬಹುದು.

"ಬ್ಯಾಡ್ಜ್ ರೂಮಿನಲ್ಲಿ ಬಿದ್ದು ಹೋಗಿತ್ತು, ಮೈಗೆ ಎಂತದೂ ತಾಗಿಲ್ಲ ಅಂತ ಬರೆ, ಮುಗೀತು," ಎಂದ ಜೊತೆಯಲ್ಲಿ ಕೆಲಸ ಮಾಡುವ ರಿತೇಶ್. "ಇದಕ್ಕೆಲ್ಲ ಯಾರು ತಲೆ ಕೆಡಿಸ್ತಾರೆ?"

ಮನೆಯಲ್ಲಿ ಇಮೆಲ್ಡಾ ಬಾಗಿಲು ಹಾಕಿ, ದನಿ ತಗ್ಗಿಸಿ ಹೇಳಿದರು. "ಮೂರನೇ ಸಲ ಹೆಸರು ಓದ್ಲಿಕ್ಕೆ ಇನ್ನು ನಾಲ್ಕೇ ದಿನ. ಅವರ ಮನೆಯವರಿಗೆ ಗೊತ್ತಾಗುವುದು ಬೇಡ. ಮದುವೆ ಆದ ಮೇಲೆ ನಿಧಾನಕ್ಕೆ ಹೇಳಿದರಾಯಿತು."

ಹುಡುಗನ ವಿಕಿರಣಕ್ಕೆ ಎಂಟು ತಿಂಗಳು ಹಟ ಹಿಡಿದ ಹೆಂಗಸು ಮಗಳ ವಿಕಿರಣವನ್ನು ಎಂಟು ನಿಮಿಷದಲ್ಲಿ ಸೆರಗಿನೊಳಗೆ ಕಟ್ಟಿಕೊಂಡಿದ್ದರು. ವನೆಸ್ಸಾಳಿಗೆ ಭಯವಾಯಿತು. ಹನ್ನೆರಡು ಎಂಬ ಸಂಖ್ಯೆಗಲ್ಲ. ಅಷ್ಟಕ್ಕೆಲ್ಲ ಏನೂ ಆಗುವುದಿಲ್ಲ ಎಂದು ಅವಳಿಗೆ ಗೊತ್ತು. ಸುಳ್ಳು ಬರೆಯುವುದು ಎಷ್ಟು ಸುಲಭ, ತನಗೂ ಬರೆಯಬೇಕೆನಿಸುತ್ತಿದೆಯಲ್ಲ ಎಂದು ಭಯ. ನಿಟ್ಟೆಯಲ್ಲಿ ಎದ್ದು ನಿಂತು ಯಾರನ್ನು ಬೈದಿದ್ದಳೋ ಆ ಜನ ಅವಳೇ ಆಗಿದ್ದಳು. ಅವಳು ಡೆನ್ವರ್‌ಗೆ ಫೋನ್ ಮಾಡಿದಳು.

ಶನಿವಾರ ಮಣಿಪಾಲದ ಟೈಗರ್ ಸರ್ಕಲ್ ಹತ್ತಿರದ ಹೋಟೆಲಿನಲ್ಲಿ ಇಬ್ಬರೂ ಎದುರು ಬದುರು ಕುಳಿತರು. ಡೆನ್ವರ್ ಪತ್ರವನ್ನು ಎರಡು ಸಲ ಓದಿದ.

"ಬ್ಯಾಡ್ಜ್ ಸಿಕ್ಕಿಸುವ ಸೀಸದ ಏಪ್ರನ್ ಎಲ್ಲಿ ನೇತು ಹಾಕ್ತೀ?"

"ಹೊರಗೆ, ಸ್ಟ್ಯಾಂಡಿನಲ್ಲಿ."

"ಯಾವಾಗಲೂ?"

ಅವಳು ಯೋಚಿಸಿದಳು. ಆಮೇಲೆ ಹಣೆಗೆ ಕೈ ಹೋಯಿತು. "ಎಂಗೇಜ್‌ಮೆಂಟಿನ ವಾರ ಸ್ಟ್ಯಾಂಡ್ ಮುರಿದಿತ್ತು. ಮೆಷಿನ್ ಹತ್ತಿರದ ಕೊಕ್ಕೆಗೆ ಹಾಕಿ ಓಡಿದೆ, ಬ್ಯಾಡ್ಜ್ ಅದರಲ್ಲೇ ಇತ್ತು. ನಾನು ರಜೆಯಲ್ಲಿ, ಅದು ವಾರವಿಡೀ ಅಲ್ಲೇ. ಎಲ್ಲ ನಿನ್ನ ಅವಸರಕ್ಕೆ."

"ನನ್ನ ಅವಸರವಾ?"

"ಮತ್ತೆ ಯಾರದ್ದು, ಫಾದರ್‌ದ್ದಾ?"

ಅವನು ನಗು ತಡೆಯಲು ಟೀ ಲೋಟ ಎತ್ತಿದ. ಲೋಟದ ಅಂಚಿನ ಮೇಲಿಂದ ಅವಳನ್ನೇ ನೋಡಿದ. ಅವಳೂ ಕಣ್ಣು ತೆಗೆಯಲಿಲ್ಲ.

"ಹಾಗಾದರೆ ತಾಗಿದ್ದು ಬ್ಯಾಡ್ಜಿಗೆ, ನನಗಲ್ಲ ಅಂತ ಬರೀಬಹುದು ಅಲ್ವಾ?"

"ಆ ಮೂರು ತಿಂಗಳಲ್ಲಿ ಸ್ಕ್ಯಾನ್ ಆಗುವಾಗ ಒಮ್ಮೆಯೂ ಒಳಗೆ ನಿಂತಿಲ್ವಾ?"

"ಎರಡು ಸಲ. ಒಬ್ಬರು ಅಜ್ಜಿ ಹೆದರಿ ಕೈ ಬಿಡಲೇ ಇಲ್ಲ."

"ಅದನ್ನೂ ಬರೆ."

"ಬರೆದರೆ ರಕ್ತ ಪರೀಕ್ಷೆ ಆಗಬೇಕು. ರಿಸಲ್ಟ್ ಬರುವಾಗ ಮದುವೆ ಮುಗಿದಿರ್ತದೆ. ನಿನ್ನ ಡ್ಯಾಡಿ ಎಂತ ಹೇಳ್ತಾರೆ?"

"ಡ್ಯಾಡಿಗೆ ನಾನು ಹೇಳ್ತೇನೆ. ನೀನು ಗೊತ್ತಿರುವುದನ್ನು ಬರೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅಂತಲೇ ಬರೆ."

ವನೆಸ್ಸಾಳಿಗೆ ಸಿಟ್ಟು ನೆತ್ತಿಗೇರಿತು. "ನಿನಗೆ ಫಾರ್ಮ್ ದೊಡ್ಡದಾ, ನಾನಾ?"

"ನೀನು. ಅದಕ್ಕೇ ಹೇಳಿದ್ದು. ನಿನಗೆ ಎಂತಾದರೂ ಆಗಿದ್ದರೆ ನನಗೆ ಗೊತ್ತಾಗಬೇಕು. ಗೊತ್ತಿಲ್ಲದೆ ಹೇಗೆ ನೋಡಿಕೊಳ್ಳುವುದು ಮಾರಾಯ್ತಿ?" ಅವನು ಫೋನ್ ತೆಗೆದು ಒಂದು ಸಂಖ್ಯೆ ತೋರಿಸಿದ. "ಇದು ನನ್ನದು. ಒಂಬತ್ತು ವರ್ಷದ್ದು ಎಲ್ಲ ಸೇರಿ ಹತ್ತು ಚಿಲ್ಲರೆ. ನಿನ್ನ ಮೂರು ತಿಂಗಳಿಗೆ ಸಾಟಿ ಇಲ್ಲ. ಮಮ್ಮಿಗೆ ಹೇಳು, ಹೆದರಬೇಕಾದವನು ನಾನು ಅಂತ."

ಅವಳಿಗೆ ನಗು ಬಂತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರೂ ಬಂತು. ಅಲ್ಲೇ ಕುಳಿತು ಕೊಕ್ಕೆಯನ್ನೂ ಬರೆದಳು, ಅಜ್ಜಿಯನ್ನೂ ಬರೆದಳು, ಮೈಗೆ ಎಷ್ಟು ತಾಗಿದೆ ಎಂದು ತನಗೆ ತಿಳಿಯದು ಎಂದೂ ಬರೆದಳು. ಅವನು ಒಮ್ಮೆಯೂ ಇಣುಕಿ ನೋಡಲಿಲ್ಲ. ಅವಳ ಪಾಲಿನ ಗೋಳಿಬಜೆಯನ್ನು ಮಾತ್ರ ತಿಂದು ಮುಗಿಸಿದ.

ಮರುದಿನ ಬೆಳ್ಮಣ್ಣಿನ ಚರ್ಚಿನಲ್ಲಿ ಮೂರನೇ ಸಲ ಹೆಸರು ಓದಿದರು. ಯಾರೂ ಕೆಮ್ಮಲಿಲ್ಲ ಕೂಡ. ಪೂಜೆ ಮುಗಿದು ಹೊರಗೆ ಬರುವಾಗ ಇಮೆಲ್ಡಾರ ಫೋನಿಗೆ ಡೆನ್ವರ್‌ನ ತಂದೆ ಬ್ಯಾಪ್ಟಿಸ್ಟ್ ಕರೆ ಮಾಡಿದರು. ಇಮೆಲ್ಡಾ ಹೆದರಿ ಹೆದರಿ ಎತ್ತಿದರೆ, ಅವರು ಕೇಳಿದ್ದು ವನೆಸ್ಸಾ ರಕ್ತ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ ಎಂದು.

ಚರ್ಚಿನ ಅಂಗಳದಲ್ಲಿ ವನೆಸ್ಸಾ, ಪೂಜೆಗೆ ಬಂದಿದ್ದ ಡೆನ್ವರ್‌ನ ಪಕ್ಕಕ್ಕೆ ಬಂದು ನಿಂತಳು. "ಕ್ವಾರ್ಟರ್ಸಿಗೆ ಅರ್ಜಿ ಹಾಕು. ಇಬ್ಬರಿಗೆ. ಮಮ್ಮಿಗೆ ನಾನು ಹೇಳ್ತೇನೆ."

"ಕೈಗಾದಲ್ಲಾ?"

"ನನಗೆ ಇವತ್ತಿಗೂ ಪೂರ್ತಿ ಧೈರ್ಯ ಇಲ್ಲ. ಆ ಅಣುಸ್ಥಾವರದ ಕಸವನ್ನೆಲ್ಲ ಸಾವಿರ ವರ್ಷ ಯಾರು ಕಾಯುವುದು ಅಂತ ದಿನಾ ಕೇಳ್ತೇನೆ, ಮೊದಲೇ ಹೇಳಿದ್ದೇನೆ."

"ಕೇಳು. ನನಗೂ ಗೊತ್ತಿಲ್ಲ."

"ಆದರೆ ನೀನು ಸುಳ್ಳು ಬರೆಯುವವನಲ್ಲ. ನೀನು ಇರುವಲ್ಲಿ ನನಗೆ ನಿದ್ದೆ ಬರ್ತದೆ. ನೀನಿಲ್ಲದೆ ಇಲ್ಲಿ ಬರ್ತಾ ಇಲ್ಲ. ನಿನ್ನ ಮೇಲೆ ನನಗೆ ಅಷ್ಟು ಪ್ರೀತಿ ಉಂಟು, ಎಂತ ಮಾಡ್ಲಿ?"

 ಜನ ನೋಡುತ್ತಿದ್ದರೂ ಡೆನ್ವರ್ ಅವಳ ಕಿರುಬೆರಳನ್ನು ಹಿಡಿದುಕೊಂಡ.

ಮಂಗಳವಾರ ರಕ್ತ ಕೊಡಲು ಇಬ್ಬರೂ ಒಟ್ಟಿಗೆ ಹೋದರು. ಕೌಂಟರಿನ ಹೆಂಗಸು ಫಾರ್ಮ್ ತುಂಬುತ್ತಾ, ಜೊತೆಗೆ ಬಂದವರು ಯಾರು ಎಂದು ಕೇಳಿದಳು.

"ಗಂಡ," ಎಂದಳು ವನೆಸ್ಸಾ.

ಮದುವೆಗೆ ಇನ್ನೂ ಹನ್ನೆರಡು ದಿನ ಇತ್ತು. ಹೆಂಗಸು ಹಾಗೆಯೇ ಬರೆದುಕೊಂಡಳು. ಡೆನ್ವರ್ ಫಾರ್ಮನ್ನು ನೋಡಿದ, ತಿದ್ದಿಸಲಿಲ್ಲ.