ಕುಂದ್ರಿಸಿದ ಫೋಟೋ

1983ರಲ್ಲಿ ಹೊನ್ನಾಳಿಯ ಫೋಟೋಗ್ರಾಫರೊಬ್ಬರು ತೀರಿಕೊಂಡ ಮೇಲೆ ಅವರ ಹೆಂಡತಿ ಸರ್ವಮಂಗಳಮ್ಮನಿಂದ ಹಳೆಯ ಕ್ಯಾಮೆರಾ ಕೊಂಡೆ. "ನಮ್ಮ ಯಜಮಾನ್ರು ಇದ್ರಾಗೆ ಬರೀ ಕುಂದ್ರಿಸಿದೋರ್ನ ತೆಗೀತಿದ್ರು," ಅಂದರು. ಸ್ಟುಡಿಯೋ ಕುರ್ಚಿಯ ಮಾತು ಅಂದುಕೊಂಡೆ.

ನ್ಯಾಮತಿಯ ಮನೆಗೆ ತಂದು ಲೆನ್ಸ್ ಬಿಚ್ಚಿ ಹಳೇ ಪಂಚೆಯ ತುಂಡಿನಿಂದ ಒರೆಸಿದೆ. ಬಿಳಿ ಪುಡಿ ಬಂತು. ಎಷ್ಟು ಸಲ ಒರೆಸಿದರೂ ಬಂತು. ಮೂಸಿದರೆ ವಿಭೂತಿ ವಾಸನೆ. ಏಪ್ರಿಲ್ ಬಿಸಿಲಲ್ಲಿಟ್ಟರೂ ಅದರ ಮೈ ಮಡಕೆಯ ನೀರಿನಂತೆ ತಣ್ಣಗಿತ್ತು. ಸಿಟ್ಟು ಬಂದು ಹಾಗೇ ರೀಲು ಹಾಕಿದೆ.

ಮದುವೆಯಾಗಿ ಹನ್ನೆರಡು ವರ್ಷವಾದರೂ ನನ್ನ ಹೆಂಡತಿ ನಿರ್ಮಲಳದೊಂದು ಫೋಟೋ ಇರಲಿಲ್ಲ. ಅವಳನ್ನು ಬಾಗಿಲಲ್ಲಿ ನಿಲ್ಲಿಸಿದೆ.

"ಅದನ್ನ ತಿಕ್ಕಿದಷ್ಟು ಪಾತ್ರೆ ತಿಕ್ಕಿದ್ರೆ ನನಗಾದ್ರೂ ಪುರುಸೊತ್ತು ಸಿಗ್ತಿತ್ತು," ಎಂದು ನಕ್ಕಳು.

"ಬಾಯಿ ಮುಚ್ಕೊಂಡು ನಿಂತ್ಕ," ಎಂದು ಗದರಿ ಫೋಟೋ ತೆಗೆದೆ.

ದಾವಣಗೆರೆಯಿಂದ ಪ್ರಿಂಟ್ ಬಂದಾಗ ಅದರಲ್ಲಿ ಅವಳು ನಿಂತಿರಲಿಲ್ಲ. ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕುಳಿತಿದ್ದಳು. ಹಣೆ ತುಂಬ ವಿಭೂತಿ. ನಮ್ಮವರು ಹಾಗೆ ಕುಂದ್ರಿಸುವುದು ಹೆಣವನ್ನು.

ಹೊನ್ನಾಳಿಗೆ ಹೋಗಿ ಸರ್ವಮಂಗಳಮ್ಮನ ಮೇಲೆ ಕೂಗಾಡಿದೆ. "ಕುಂದ್ರಿಸಿದೋರ್ನ ಅಂತ ಹೇಳಿದ್ನಲ್ಲಣ್ಣಾ. ಬದುಕಿರೋರಾದ್ರೆ ತಾವೇ ಕುಂದ್ರುತಾರೆ," ಅಂದರು.

ಅಲ್ಲಿಂದ ಬಂದ ಒಂಬತ್ತನೇ ದಿನ ಎದೆನೋವೆಂದು ಕುಸಿದ ನಿರ್ಮಲ ಮತ್ತೆ ಏಳಲಿಲ್ಲ.

ಈಗ ಗೋಡೆಯ ಮೇಲೆ ಅದೇ ಫೋಟೋ ಇದೆ. ಅವಳದು ಬೇರೆ ಇಲ್ಲ. ಮಣ್ಣು ಮಾಡಿದ ದಿನ ತೆಗೆಸಿದ್ದಾ ಎಂದು ಬಂದವರು ಕೇಳಿದರೆ ಹೂಂ ಅನ್ನುತ್ತೇನೆ. ಆ ದಿನ ನಮ್ಮ ಮನೆಯಲ್ಲಿ ಯಾರೂ ಕ್ಯಾಮೆರಾ ಮುಟ್ಟಿರಲಿಲ್ಲ.