ಹುಳದ ಮನೆಗೊಂದು ಸದ್ದಿಲ್ಲದ ಫ್ಯಾನು

"ಅಲ್ಲೇ ನಿಲ್ರಿ! ಹೊಸ್ತಿಲು ದಾಟಿದ್ರೆ ನೋಡ್ರಿ ಮತ್ತೆ!"

ಹೆಗಲ ಮೇಲೆ ಫ್ಯಾನಿನ ಡಬ್ಬ ಹೊತ್ತಿದ್ದ ಶಿವಕುಮಾರಪ್ಪ ಎತ್ತಿದ ಕಾಲನ್ನು ಹಾಗೆಯೇ ಹಿಂದಕ್ಕಿಟ್ಟ. ಹೊಸದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಎಲೆಕ್ಟ್ರಿಕ್ ಅಂಗಡಿ. ಮಾಡದಕೆರೆಯ ಈ ಮನೆಗೆ ಅವನು ಬರುತ್ತಿರುವುದು ಇದು ಎರಡನೆಯ ಸಲ, ಬಾಗಿಲಲ್ಲೇ ಬೈಸಿಕೊಳ್ಳುತ್ತಿರುವುದೂ ಎರಡನೆಯ ಸಲ.

ಬಾಗಿಲಿಗಡ್ಡ ನಿಂತಿದ್ದ ಮರುಳಸಿದ್ದಮ್ಮ ಸೆರಗನ್ನು ಮೂಗಿಗೆ ಹಿಡಿದಳು. "ತಲೆಗೇನು ಹಚ್ಕಂಡು ಬಂದೀರಿ?"

"ಎಣ್ಣೆ ರೀ. ಸೆಂಟಿನೆಣ್ಣೆ."

"ಮೊನ್ನೆ ಬೀಡಿ, ಇವತ್ತು ಸೆಂಟು. ಹುಳಕ್ಕೆ ವಾಸನೆ ಆಗಲ್ಲ ಅಂತ ಹೇಳಿದ್ನೋ ಇಲ್ವೋ?"

"ಬೀಡಿ ಬ್ಯಾಡ ಅಂದ್ರಿ, ಬಿಟ್ಟೇ ಬಿಟ್ಟೆ. ಎಣ್ಣೆ ಬ್ಯಾಡ ಅಂದಿರ್ಲಿಲ್ಲ."

ಅವಳಿಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಒಳಗೆ ಬಿದಿರಿನ ತಟ್ಟೆಗಳಲ್ಲಿ ರೇಷ್ಮೆಹುಳುಗಳು ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ಜ್ವರವೆಂದರೆ ಪೊರೆ ಬಿಡುವ ಮುಂಚಿನ ನಿದ್ದೆ. ಈ ನಿದ್ದೆಯಿಂದ ಎದ್ದವೆಂದರೆ ಹಗಲೂ ರಾತ್ರಿ ತಿನ್ನುತ್ತವೆ, ಆಗಲೇ ಅವಕ್ಕೆ ಒಳ್ಳೆಯ ಗಾಳಿ ಬೇಕು. ಕಳೆದ ಬೆಳೆಯಲ್ಲಿ ಸರಿಯಾಗಿ ಅದೇ ಹೊತ್ತಿಗೆ ಸೆಕೆ ಕವಿದು, ಸೊಪ್ಪಿನ ಹಬೆ ಕೋಣೆಯಲ್ಲೇ ನಿಂತು, ಗೂಡು ಕಟ್ಟಬೇಕಾದ ಹುಳುಗಳೆಲ್ಲ ಕಪ್ಪಾಗಿ ಸತ್ತಿದ್ದವು. ಮಂಕರಿಗೆ ತುಂಬಿ ತಿಪ್ಪೆಗೆ ಸುರಿದವಳು ಅವಳೇ. ಅಪ್ಪ ಮೂರ್ತಪ್ಪ ಕೂಗಾಡಲಿಲ್ಲ. "ಇದೊಂದು ಬೆಳೆ ನೋಡಾಣ ಕಣವ್ವ. ಇದೂ ಹೋದ್ರೆ ಆ ಕೋಣೆಗೆ ಶೇಂಗಾ ಚೀಲ ಹಾಕಾಣ" ಎಂದ, ಅಷ್ಟೆ. ಆ ಕೋಣೆ ಬಿಟ್ಟರೆ ಈ ಮನೆಯಲ್ಲಿ ತನ್ನದು ಅನ್ನುವಂಥದ್ದು ಅವಳಿಗೆ ಬೇರೇನೂ ಇರಲಿಲ್ಲ.

ಫ್ಯಾನು ಬೇಕೆಂದು ಹಟ ಹಿಡಿದವಳೂ ಅವಳೇ. ಆದರೆ ಅದು ಸದ್ದು ಮಾಡಬಾರದು. ಹುಳು ಸೊಪ್ಪು ಮೇಯುವ ಸದ್ದು ಕೇಳಿಯೇ ಅವಳು ಅವುಗಳ ಯೋಗಕ್ಷೇಮ ತಿಳಿಯುತ್ತಿದ್ದುದು. ಸದ್ದು ಇಳಿಯಿತೋ, ಸೊಪ್ಪು ಮುಗಿದಿದೆ. ಸೊಪ್ಪಿದ್ದೂ ಸದ್ದಿಲ್ಲವೋ, ಏನೋ ಕೆಟ್ಟಿದೆ.

ಶಿವಕುಮಾರಪ್ಪ ಜಗಲಿಯ ಮೇಲೆಯೇ ವೈರು ಎಳೆದು ಫ್ಯಾನು ಹಚ್ಚಿ ತೋರಿಸಿದ. ಆ ಸದ್ದಿಗೆ ಹಿತ್ತಲಿನ ಎಮ್ಮೆ ಹಗ್ಗ ಜಗ್ಗಿತು.

"ಇದೇನ್ ಫ್ಯಾನಾ, ಹಿಟ್ಟಿನ ಮಿಷನ್ನಾ?"

"ಹೊಸದು ರೀ. ಒಂದಷ್ಟು ದಿನ ಓಡಿದ್ರೆ..."

"ಅಷ್ಟು ದಿನ ನನ್ನ ಹುಳ ಇರಬೇಕಲ್ಲ!"

ಅವನು ತಲೆ ಕೆರೆದುಕೊಂಡ. "ರೆಕ್ಕೆ ಸಣ್ಣದು, ಅದಕ್ಕೇ ಜೋರು ತಿರುಗ್ತೈತೆ, ಜೋರು ತಿರುಗಿದ್ರೆ ಸದ್ದು. ದೊಡ್ಡ ರೆಕ್ಕೆದು ತಂದು, ರೆಗ್ಯುಲೇಟರ್ ಹಾಕಿ ನಿಧಾನಕ್ಕೆ ಬಿಟ್ರೆ ಗಾಳಿ ಅಷ್ಟೇ ಹೋಗ್ತೈತೆ, ಸದ್ದಿರಲ್ಲ. ದುರ್ಗಕ್ಕೆ ಹೋಗಿ ತರ್ತೀನಿ."

"ಇದನ್ನ ಮೊದ್ಲೇ ಹೇಳಾಕೆ ಏನಾಗಿತ್ತು?"

"ನನ್ನನ್ನ ಮಾತಾಡಾಕೆ ಎಲ್ಲಿ ಬಿಟ್ರಿ ನೀವು?"

ಹೀಗೆಂದು ಅವನು ಹೆಬ್ಬೆರಳಿಗೂ ಮೊಣಕೈಗೂ ವೈರು ಸುತ್ತತೊಡಗಿದ. ಕೈ ಸುತ್ತುತ್ತಿತ್ತು, ಕಣ್ಣು ಮಾತ್ರ ವೈರಿನ ಕಡೆಗಿರಲಿಲ್ಲ. ಮರುಳಸಿದ್ದಮ್ಮ ಸೆರಗು ಸರಿಮಾಡಿಕೊಂಡಳು. ಸರಿಯಾಗಿಯೇ ಇದ್ದ ಸೆರಗನ್ನು ಯಾಕೆ ಸರಿಮಾಡಿಕೊಂಡೆನೋ ಎಂದು ತನ್ನ ಮೇಲೆಯೇ ರೇಗಿಕೊಂಡಳು.

ಅವನು ಮತ್ತೆ ಬರುವ ಹೊತ್ತಿಗೆ ಹುಳುಗಳು ಜ್ವರದಿಂದ ಎದ್ದು ಸೊಪ್ಪಿಗೆ ಬಾಯಿ ಹಾಕಿದ್ದವು. ಎಲೆ ಅಲುಗದ ಮಧ್ಯಾಹ್ನ. ಕೋಣೆಯಲ್ಲಿ ಆಗಲೇ ಹಬೆ ಏಳುತ್ತಿತ್ತು, ಅವಳು ನಿಂತಲ್ಲಿ ನಿಲ್ಲಲಾರದೆ ಬೀದಿಗೂ ಒಳಕ್ಕೂ ತಿರುಗುತ್ತಿದ್ದಳು. ಅಂತೂ ಬಂದ. ದೊಡ್ಡ ರೆಕ್ಕೆಯ ಫ್ಯಾನು, ಮರದ ಚೌಕಟ್ಟು, ಇಸ್ತ್ರಿ ಮಾಡಿದ ಅಂಗಿ. ತಲೆಯಲ್ಲಿ ಎಣ್ಣೆಯ ಹನಿಯೂ ಇಲ್ಲ. ಆದರೆ ಮುಖ, ಕುತ್ತಿಗೆ, ಕಿವಿಯ ಹಿಂದೆಲ್ಲ ಘಮ್ಮೆನ್ನುವ ಪೌಡರು!

ಅವಳಿಗೆ ಬೈಯಲೂ ಆಗಲಿಲ್ಲ. ಕಣ್ಣು ತುಂಬಿಬಿಟ್ಟವು. "ನನ್ನ ಹುಳ ಸಾಯ್ಲಿ ಅಂತಾನೇ ಬರ್ತೀರೇನ್ರಿ ನೀವು?"

ಜಗಲಿಯಲ್ಲಿ ಕಡ್ಡಿಯಿಂದ ಸೊಪ್ಪು ಬಿಡಿಸುತ್ತಿದ್ದ ಸೋದರತ್ತೆ ಕೆಂಚಕ್ಕನಿಗೆ ಇನ್ನು ತಡೆಯಲಾಗಲಿಲ್ಲ. "ಲೇ ಸಿದ್ದಿ, ಹುಳ ನೋಡಾಕೆ ಯಾರಾದ್ರೂ ಪೌಡ್ರು ಬಳ್ಕಂಡು ಬರ್ತಾರೇನೇ? ಕಣ್ಣು ಬಿಟ್ಟು ನೋಡೇ ಹುಚ್ಚಿ!"

ಶಿವಕುಮಾರಪ್ಪ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೊದಲ ಸಲ ನೋಡುವವನಂತೆ ನೋಡುತ್ತ ನಿಂತ. ಮರುಳಸಿದ್ದಮ್ಮನ ಕಿವಿ ಬಿಸಿಯಾಯಿತು. ಅರ್ಥವಾದದ್ದೇ ಸಿಟ್ಟು ಇಮ್ಮಡಿಯಾಯಿತು. ಇವನಿಗೆ ಬೇರೆ ಹೊತ್ತೇ ಸಿಗಲಿಲ್ಲವೇ? ಹುಳುವಿನ ಜೀವ ಬಾಯಿಗೆ ಬಂದಿರುವಾಗಲೇ ಇದೆಲ್ಲ ಆಗಬೇಕೇ?

"ಬಾವಿ ಹತ್ರ ಹೋಗ್ರಿ" ಎಂದಳು ಗದರಿಸಿ. "ಸೀಗೆಪುಡಿ ಕೊಡ್ತೀನಿ, ತಿಕ್ಕಿ ತೊಳ್ಕಳ್ರಿ. ಸೋಪು ಮುಟ್ಟಬ್ಯಾಡ್ರಿ. ಅಪ್ಪನ ಪಂಚೆ ಐತೆ, ಉಟ್ಕಂಡು ಬರ್ರಿ."

ಮೂರ್ತಪ್ಪ ಕುಳ್ಳ. ಅವನ ಪಂಚೆ ಶಿವಕುಮಾರಪ್ಪನ ಮೊಣಕಾಲಿಗೂ ಬರಲಿಲ್ಲ. ಕೆಂಚಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಮರುಳಸಿದ್ದಮ್ಮ ಗೋಡೆ ನೋಡುತ್ತ ದಾರಿ ಬಿಟ್ಟಳು.

ಅವನು ಸ್ಟೂಲು ಹತ್ತಿ, ಸೂರಿನ ಕೆಳಗಿನ ಕಿಂಡಿಗೆ ಚೌಕಟ್ಟು ಕೂರಿಸಿದ. ಬೋಲ್ಟಿನ ಕೆಳಗೆ ಸೈಕಲ್ ಟ್ಯೂಬಿನ ತುಂಡುಗಳನ್ನಿಟ್ಟ, ಗೋಡೆ ಅದುರಬಾರದೆಂದು. ಒಳಗಿನ ಹಬೆಯನ್ನು ಹೊರಕ್ಕೆಳೆಯುವಂತೆ ಫ್ಯಾನಿನ ಮುಖ ತಿರುಗಿಸಿದ. ಅವಳು ಸ್ಟೂಲು ಹಿಡಿದಿದ್ದಳು. ಅವನ ತಲೆಯಿಂದ ನೀರಿನ ಹನಿಯೊಂದು ಅವಳ ಮುಂಗೈ ಮೇಲೆ ಬಿತ್ತು. ಒರೆಸಿಕೊಳ್ಳಲಿಲ್ಲ.

"ಹಾಕ್ರಿ ಮತ್ತೆ, ಹೊತ್ತಾಗ್ತೈತೆ."

"ಹಾಕಿ ಆಗ್ಲೇ ಎಷ್ಟೊತ್ತಾತು."

ಅವಳು ನಂಬಲಿಲ್ಲ. ಅವನು ಪಂಚೆಯ ಅಂಚಿನಿಂದ ಒಂದು ಎಳೆ ಕಿತ್ತು ಕಿಂಡಿಗೆ ಹಿಡಿದ. ಎಳೆ ನೆಟ್ಟಗೆ ಹೊರಕ್ಕೆ ಚಾಚಿಕೊಂಡಿತು. ಬಾಗಿಲಿನಿಂದ ತಂಗಾಳಿ ಅವಳ ಹಿಂಗತ್ತಿಗೆ ಸೋಕಿತು. ಕೋಣೆಯಲ್ಲಿ ಸರಸರ, ಸರಸರ ಎಂಬ ಒಂದೇ ಸದ್ದು.

"ಏನ್ರಿ ಅದು?" ಅವನು ಪಿಸುಗುಟ್ಟಿದ.

"ಉಣ್ತಾ ಅವೆ."

ಅವನು ಬಾಯಿ ತೆರೆದು ಕೇಳುತ್ತ ನಿಂತ. ಬೀಡಿಯಿಲ್ಲದ, ಎಣ್ಣೆಯಿಲ್ಲದ, ಪೌಡರಿಲ್ಲದ ಅವನ ಮುಖವನ್ನು ಅವಳು ಮೊದಲ ಸಲ ನೋಡಿದಳು. ಇಷ್ಟವಾಯಿತು. ಎಷ್ಟು ಇಷ್ಟವಾಯಿತೆಂದರೆ ಮತ್ತೆ ರೇಗಿತು.

"ಒಂದು ಮಾತು ಹೇಳ್ಬೇಕಿತ್ತು..." ಎಂದ ಅವನು.

"ಈಗ ಬ್ಯಾಡ. ಹುಳ ಹಣ್ಣಾಗಾವರೆಗೂ ನನಗೆ ಪುರುಸೊತ್ತಿಲ್ಲ."

ಹುಳುಗಳು ಹಣ್ಣಾದವು. ಕಪ್ಪಾಗಲಿಲ್ಲ, ಜೇನಿನ ಬಣ್ಣಕ್ಕೆ ತಿರುಗಿ ತಲೆಯೆತ್ತಿ ನೂಲು ಬಿಡಲು ಜಾಗ ಹುಡುಕತೊಡಗಿದವು. ಯಾರೂ ಕರೆಯದೆ ಶಿವಕುಮಾರಪ್ಪ ಬಂದ. ಅವಳು ಏನೂ ಕೇಳದೆ ಒಂದು ತಟ್ಟೆ ಅವನ ಮುಂದೆ ತಳ್ಳಿದಳು. ಹೊರಗೆ ಮೂರ್ತಪ್ಪ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನು ಹೊತ್ತು ತಂದು ಹಾಕುತ್ತಿದ್ದ. ಒಳಗೆ ಇಬ್ಬರೂ ಹುಳು ಆರಿಸಿ ಚಂದ್ರಿಕೆಗಳ ಮೇಲೆ ಬಿಡುತ್ತಿದ್ದರು. ಒಂದೇ ಹುಳುವಿಗೆ ಎರಡು ಕೈ ಹೋದವು. ಯಾವುದೂ ಹಿಂದಕ್ಕೆ ಬರಲಿಲ್ಲ.

"ನಮ್ಮವ್ವನ್ನ ಕರ್ಕಂಡು ಬರ್ಲಾ? ನಿಮ್ಮಪ್ಪನ್ನ ಕೇಳಾಕೆ?"

ಅವಳು ಹುಳುವನ್ನು ಮೆಲ್ಲಗೆ ಬಿಟ್ಟಳು. "ನಾನು ಹುಳ ಬಿಡಲ್ಲ."

"ಬಿಡ್ರಿ ಅಂದೋರ್ಯಾರು? ಊರಾಚೆ ನಮ್ದು ಬಾವಿ ಹೊಲ ಐತೆ, ಹಿಪ್ಪುನೇರಳೆ ಕಡ್ಡಿ ನೆಡಾಣ. ಅಂಗಡಿ ಹಿಂದೆ ಒಂದು ಕೋಣೆ ಐತೆ, ಖಾಲಿ ಮಾಡ್ತೀನಿ."

"ಅಲ್ಲಿ ಗಾಳಿ ಆಡ್ತೈತಾ?"

ಇಷ್ಟು ದಿನ ತಾಳ್ಮೆಯಿಂದ ಬೈಸಿಕೊಂಡಿದ್ದವನು ತಟ್ಟೆ ಕೆಳಗಿಟ್ಟು ಹಣೆಗೆ ಕೈ ಹಚ್ಚಿದ. "ರೀ! ನಾನು ಫ್ಯಾನ್ ಹಾಕೋನು ಕಣ್ರೀ!"

ಮರುಳಸಿದ್ದಮ್ಮ ಜೋರಾಗಿ ನಕ್ಕುಬಿಟ್ಟಳು.

"ಏನವ್ವಾ ಅದು?" ಹೊರಗಿನಿಂದ ಮೂರ್ತಪ್ಪ ಕೂಗಿದ.

"ಏನಿಲ್ಲಪ್ಪಾ. ಚಂದ್ರಿಕೆ ಸಾಲವು, ಅವರಿವರ ಮನೇಲಿ ಕೇಳಿ ಇನ್ನೂ ತಗಂಬಾ" ಎಂದಳು ಅವಳು, ಶಿವಕುಮಾರಪ್ಪನನ್ನೇ ನೋಡುತ್ತ. "ನಿಧಾನಕ್ಕೆ ಬಂದ್ರೂ ಆಗ್ತೈತೆ."