ಬಾವಿ ನೀರು ತಿಳಿಯಾದ ಮೇಲೆ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ದೂರು ಬಂತು: ಕಾಲುವೆ ಪಕ್ಕದ ಬೀದಿಯಲ್ಲಿ ಬಾವಿ ನೀರು ಕುಡಿದ ಮಕ್ಕಳಿಗೆ ವಾಂತಿ, ಏಳು ಮಂದಿ ಆಸ್ಪತ್ರೆಯಲ್ಲಿ. ಬರೆದುಕೊಳ್ಳುತ್ತಿದ್ದ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಬೀದಿಯ ಹೆಸರು ಕೇಳಿ ಪೆನ್ನು ಕೆಳಗಿಟ್ಟಳು. ಠಾಣೆಯಲ್ಲಿ ಎಲ್ಲರ ಬಾಯಲ್ಲೂ ದಫೇದಾರಮ್ಮ ಅವಳು. ಎಂಥ ಕಳ್ಳನನ್ನೂ ಕಣ್ಣಲ್ಲೇ ಹೆದರಿಸುವ ಹೆಂಗಸು. ಆದರೆ ಅದು ಅವಳದೇ ಬೀದಿ. ಮನೆಗೆ ಫೋನ್ ಮಾಡಿದಳು.

"ಅತ್ತೆ, ಮಗು ಬಾವಿ ನೀರು ಕುಡಿದ್ಲಾ?"

"ಮೂರು ದಿನದಿಂದ ಎಲ್ರೂ ಅದೇ ಕುಡೀತಿದೀವಲ್ಲ. ನೀನು ಡ್ಯೂಟಿ ಡ್ಯೂಟಿ ಅಂತ ಮನೆ ಕಡೆ ತಲೆ ಹಾಕಿದ್ರೆ ತಾನೆ ಗೊತ್ತಾಗೋದು! ಕನ್ನಡಿ ಹಾಗೆ ತಿಳಿಯಾಗಿದೆ ಕಣೇ. ಕೊನೆಗೂ ದೇವರು ಕಣ್ಬಿಟ್ಟ."

"ಒಂದು ಹನಿನೂ ಬಾಯಿಗೆ ಹಾಕ್ಬೇಡಿ! ಅವಳನ್ನ ಈಗ್ಲೇ ಆಸ್ಪತ್ರೆಗೆ ಕರ್ಕೊಂಡ್ಹೋಗಿ!"

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಬಂದಾಗಿನಿಂದ ಆ ಬಾವಿ ಒಂದು ದಿನ ನೀಲಿ, ಒಂದು ದಿನ ಕೆಂಪು. ಹೊಸ ಫ್ಯಾಷನ್ ಅಂಗಡಿಗಿಂತ ಮೊದಲು ನಮ್ಮ ಬಾವಿಗೆ ಬರುತ್ತದೆ ಎಂದು ಬೀದಿಯವರು ನಗೆಯಾಡುತ್ತಿದ್ದರು. ನಗುತ್ತಿದ್ದರು, ಕುಡಿಯುತ್ತಿರಲಿಲ್ಲ.

ಎಫ್‌ಐಆರ್ ದಾಖಲಾಯಿತು. "ನೀವು ಮಗಳ ಹತ್ರ ಹೋಗಿ," ಎಂದರು ಇನ್ಸ್‌ಪೆಕ್ಟರ್.

"ಮಗು ಹತ್ರ ಅತ್ತೆ ಇದಾರೆ ಸರ್. ಬಾವಿ ಹತ್ರ ಯಾರೂ ಇಲ್ಲ."

ಪಂಚರ ಎದುರು ಪಂಚನಾಮೆ ನಡೆಯಿತು. ಬಾವಿಯ ನೀರನ್ನು ಬಾಟಲಿಗಳಲ್ಲಿ ತುಂಬಿ ಸೀಲು ಹಾಕಿದರು. ಬೆಂಕಿಕಡ್ಡಿ ಗೀರಿದಂಥ ವಾಸನೆ. ಕಾರ್ಖಾನೆಯ ಚರಂಡಿಯಲ್ಲೂ ಅದೇ ವಾಸನೆ. ಪಕ್ಕದಲ್ಲಿ ಪುಡಿ ತುಂಬಿ ಬಂದ ಖಾಲಿ ಡ್ರಮ್ಮುಗಳು. ಬಣ್ಣ ಹದ ಮಾಡುವ ಮಾಸ್ಟರನ್ನು ಕರೆಸಿದರು.

"ಡ್ರಮ್ಮಲ್ಲಿ ಏನಿತ್ತು?" ಇನ್ಸ್‌ಪೆಕ್ಟರ್ ಕೇಳಿದರು.

"ಬಣ್ಣ ತೆಗೆಯೋ ಪುಡಿ. ಬಟ್ಟೆಗೆ ಸರ್."

"ಬಟ್ಟೆಗೋ, ಚರಂಡಿಗೋ?"

ಮಾಸ್ಟರ್ ಚರಂಡಿ ಕಡೆ ನೋಡಿದ.

"ಅದು ಹಾಕಿದ್ರೆ ವಿಷ ಹೋಗುತ್ತಾ?"

"ಬಣ್ಣ ಹೋಗುತ್ತೆ."

ದಫೇದಾರಮ್ಮನಿಗೆ ತಡೆಯಲಾಗಲಿಲ್ಲ. "ನಿಮ್ಮನೇಲಿ ಯಾವ ನೀರು ಕುಡೀತೀರಿ?"

"ಕ್ಯಾನ್ ನೀರು."

"ಯಾವಾಗಿಂದ?"

"ಶುಕ್ರವಾರದಿಂದ."

"ಮುಂಚೆ?"

"ಮನೆ ಬೋರ್‌ವೆಲ್ಲಿಂದು."

ಕಾರ್ಖಾನೆಯ ಲೆಕ್ಕದ ಪುಸ್ತಕದ ಪ್ರಕಾರ ಪುಡಿ ಹಾಕಲು ಶುರುಮಾಡಿದ್ದೂ ಶುಕ್ರವಾರವೇ. ಇನ್ಸ್‌ಪೆಕ್ಟರ್ ಅವನನ್ನು ಅಲ್ಲೇ ದಸ್ತಗಿರಿ ಮಾಡಿದರು. ಮಾಲೀಕನನ್ನು ಕರೆತರಲು ಇಬ್ಬರನ್ನು ಅಟ್ಟಿದರು.

ಠಾಣೆಯಲ್ಲಿ ಮಾಸ್ಟರ್ ಎಲ್ಲ ಹೇಳಿದ. ಹಿಂದಿನ ವಾರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯವರು ಬಂದು ಚರಂಡಿಯಲ್ಲಿ ಕೆಂಪು ಕಂಡಿದ್ದರು. ಇನ್ನೊಮ್ಮೆ ಕಂಡರೆ ಬೀಗ ಎಂದಿದ್ದರು. ಇನ್ನು ಬಣ್ಣ ಕಾಣಕೂಡದು ಎಂದು ಮಾಲೀಕ ಗದರಿದ್ದ. ನೀರು ಶುದ್ಧ ಮಾಡು ಎಂದು ಯಾರೂ ಹೇಳಿರಲಿಲ್ಲ. ಕೆಲಸ ಹೋದೀತೆಂಬ ಭಯಕ್ಕೆ ಮಾಸ್ಟರ್ ಹೇಳಿದಷ್ಟನ್ನೇ ಮಾಡಿದ. ಬೀದಿಯವರು ಕುಡಿಯಬಹುದು ಎಂದು ಅವನಿಗೆ ಹೊಳೆದಿತ್ತು. ಬಾಯಿ ಬಿಟ್ಟರೆ ಸಿಕ್ಕಿಬೀಳುತ್ತೇನೆಂದು ಸುಮ್ಮನಿದ್ದ. ಹೇಳಿಕೆಯ ಕೆಳಗೆ ಅವನು ಸಹಿ ಹಾಕಿದ.

ಸಂಜೆ ದಫೇದಾರಮ್ಮ ಆಸ್ಪತ್ರೆಗೆ ಓಡಿದಳು. ರಕ್ತದ ವರದಿ ಬರುವವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರು. ಮಗಳು ಕಣ್ಣು ಬಿಟ್ಟು ಬಾಯಾರಿಕೆ ಎಂದಳು. ನರ್ಸು ಲೋಟದಲ್ಲಿ ನೀರು ತಂದುಕೊಟ್ಟಳು.

ದಫೇದಾರಮ್ಮ ಲೋಟವನ್ನು ಬೆಳಕಿಗೆ ಹಿಡಿದಳು. ಒಂದು ಚೂರೂ ಬಣ್ಣವಿಲ್ಲ. ಮಗಳು ಕೈ ಚಾಚುತ್ತಿದ್ದಳು, ತಾಯಿಗೆ ಕೊಡಲು ಧೈರ್ಯ ಬರಲಿಲ್ಲ.